ಮೂರು ಯುದ್ಧಗಳು, ಎರಡು ತಕ್ಕಡಿಗಳು

ಅಂತಾರಾಷ್ಟ್ರೀಯ ರಾಜಕೀಯವೆಂಬುದು ದೊಡ್ಡವರ ವ್ಯವಹಾರ, ಅದರಿಂದ ನಮಗೇನಾಗಬೇಕು ಎಂದು ಭಾವಿಸಿದ್ದ ನಮ್ಮ ಕರಾವಳಿ ಪಟ್ಟಣಗಳ ಅನೇಕ ಕುಟುಂಬಗಳ ಭ್ರಮೆಯನ್ನು 1990ರ ಆಗಸ್ಟ್ ತಿಂಗಳು ಕಳಚಿಹಾಕಿತು. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಅಲ್ಲಿ ದುಡಿಯುತ್ತಿದ್ದ ಮಗನ, ಗಂಡನ, ಸಹೋದರನ ಸುದ್ದಿ ತಿಳಿಯದೆ ಮನೆಮಂದಿ ದಿನಗಟ್ಟಲೆ ರೇಡಿಯೋದ ಮುಂದೆ ಕುಳಿತರು. ಕುವೈತ್ ಮತ್ತು ಇರಾಕಿನಲ್ಲಿ ಸಿಲುಕಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಹೆಚ್ಚಿನವರು ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನ್ ನಗರವನ್ನು ತಲುಪಿ, ಅಲ್ಲಿಂದ ವಿಮಾನವೇರಿ ತಾಯ್ನಾಡಿಗೆ ಮರಳಿದರು. ವರ್ಷಗಟ್ಟಲೆ ಬೆವರು ಸುರಿಸಿ ಕೂಡಿಟ್ಟದ್ದನ್ನೆಲ್ಲ ಅಲ್ಲೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವರು ಅವರಲ್ಲಿ ಬಹಳಷ್ಟಿದ್ದರು. ಯಾರೋ ಎಲ್ಲೋ ಕೈಗೊಂಡ ತೀರ್ಮಾನವೊಂದು ನಮ್ಮ ಮನೆಯ ಒಲೆಯನ್ನು ಆರಿಸಬಲ್ಲುದು ಎಂಬುದು ಅಂದು ನಮಗೆ ಮನವರಿಕೆಯಾಯಿತು.

ಯುದ್ಧಗಳು ಏಕೆ ಸಂಭವಿಸುತ್ತವೆ? ತೈಲ, ಅಧಿಕಾರದಾಹ, ಶಸ್ತ್ರಾಸ್ತ್ರಗಳ ವ್ಯಾಪಾರ ಎಂದು ನಾವು ಸಾಮಾನ್ಯವಾಗಿ ಉತ್ತರಿಸುತ್ತೇವೆ. ಇದು ಸುಳ್ಳಲ್ಲ. ಆದರೆ ಇಷ್ಟೇ ಸಾಲದು. ತೈಲವು ನೆಲದಡಿಯಲ್ಲಿ ಯಾವಾಗಲೂ ಇರುತ್ತದೆ. ದುರಾಸೆಯು ಆಳುವವರ ಎದೆಯಲ್ಲಿ ಯಾವಾಗಲೂ ಇರುತ್ತದೆ. ಆದರೂ ಯುದ್ಧವು ಎಲ್ಲ ಕಾಲದಲ್ಲೂ ನಡೆಯುವುದಿಲ್ಲ. ‘ನಾನು ಗಡಿ ದಾಟಿದರೂ ನನ್ನನ್ನು ಕೇಳುವವರಿಲ್ಲ’ ಎಂಬ ಧೈರ್ಯ ಆಳುವವನಿಗೆ ಬಂದ ದಿನ ಆ ದುರಾಸೆಗೆ ಕಾಲು ಮೂಡುತ್ತದೆ. ಆ ಧೈರ್ಯವನ್ನು ಅವನಿಗೆ ಕೊಡುವುದು ಜಗತ್ತಿನ ಪಕ್ಷಪಾತ. ಇದಕ್ಕೆ ಇರಾಕಿಗಿಂತ ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. 1980ರಿಂದ 2003ರವರೆಗಿನ 23 ವರ್ಷಗಳಲ್ಲಿ ಆ ದೇಶವು ಮೂರು ಮಹಾಯುದ್ಧಗಳನ್ನು ಕಂಡಿತು. ಮೊದಲೆರಡರಲ್ಲಿ ಅದು ಆಕ್ರಮಣಕಾರಿ, ಮೂರನೆಯದರಲ್ಲಿ ಆಕ್ರಮಣಕ್ಕೆ ಗುರಿಯಾದ ದೇಶ. ಈ ಮೂರು ಯುದ್ಧಗಳನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇಗೆ ತೂಗಿತು ಎಂಬುದನ್ನು ಒಮ್ಮೆ ನೋಡೋಣ.

ಮೊದಲನೆಯದು ಇರಾನ್ ವಿರುದ್ಧದ ಯುದ್ಧ. ಶತ್ತುಲ್ ಅರಬ್ ನದಿಯ ಗಡಿಯ ಕುರಿತು 1975ರಲ್ಲಿ ಅಲ್ಜಿಯರ್ಸ್‌ನಲ್ಲಿ ಆಗಿದ್ದ ಒಪ್ಪಂದವನ್ನು ಸದ್ದಾಂ ಹುಸೈನ್ 1980ರ ಸೆಪ್ಟೆಂಬರ್‌ನಲ್ಲಿ ರದ್ದುಗೊಳಿಸಿದರು. ಸೆಪ್ಟೆಂಬರ್ 22ರಂದು ಅವರ ಸೇನೆ ಗಡಿ ದಾಟಿತು. ಕ್ರಾಂತಿಯ ಗೊಂದಲದಲ್ಲಿದ್ದ ಇರಾನ್ ಕೆಲವೇ ವಾರಗಳಲ್ಲಿ ಮಣಿಯುವುದೆಂದು ಅವರು ಲೆಕ್ಕ ಹಾಕಿದ್ದರು. ಆರು ದಿನಗಳ ಬಳಿಕ ಭದ್ರತಾ ಮಂಡಳಿ ಒಂದು ಗೊತ್ತುವಳಿಯನ್ನೇನೋ ಅಂಗೀಕರಿಸಿತು. ಬಲಪ್ರಯೋಗ ಮುಂದುವರಿಸಬೇಡಿರೆಂದು ಇಬ್ಬರಿಗೂ ಬುದ್ಧಿ ಹೇಳಿತು. ಆದರೆ ಗಡಿ ದಾಟಿದವನು ಹಿಂದೆ ಸರಿಯಬೇಕೆಂಬ ಒಂದು ಮಾತು ಅದರಲ್ಲಿರಲಿಲ್ಲ. ಸೇನೆಗಳು ಅಂತಾರಾಷ್ಟ್ರೀಯ ಗಡಿಗೆ ಮರಳಬೇಕೆಂದು ಮಂಡಳಿ ಹೇಳಿದ್ದು 1982ರ ಜುಲೈ 12ರಂದು. ಆ ಹೊತ್ತಿಗೆ ಇರಾನ್ ತನ್ನ ಖುರ್ರಮ್‌ಶಹರ್ ಪಟ್ಟಣವನ್ನು ಮರಳಿ ಗೆದ್ದು ಇರಾಕಿನ ಗಡಿಗೆ ಬಂದು ನಿಂತಿತ್ತು.

ಇರಾನಿನ ನಾಯಕತ್ವವೂ ಇಲ್ಲಿ ನಿರ್ದೋಷಿಯಲ್ಲ. ತನ್ನ ನೆಲ ತನಗೆ ದಕ್ಕಿದ ಬಳಿಕ ಕದನ ವಿರಾಮವನ್ನು ತಿರಸ್ಕರಿಸಿ ಅದು ಇರಾಕಿನೊಳಕ್ಕೆ ನುಗ್ಗಿತು. ಯುದ್ಧವನ್ನು ಮತ್ತೆ ಆರು ವರ್ಷ ಎಳೆಯಿತು. ಹದಿಹರೆಯದ ಹುಡುಗರು ಕಂದಕಗಳಲ್ಲಿ ಪ್ರಾಣ ತೆತ್ತರು. ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ಇರಾಕಿಗೆ ಶಸ್ತ್ರಾಸ್ತ್ರಗಳನ್ನು ಮಾರಿದವು. ಸೌದಿ ಅರೇಬಿಯಾ ಮತ್ತು ಕುವೈತ್ ಸಾವಿರಾರು ಕೋಟಿ ಡಾಲರ್ ಹಣ ಒದಗಿಸಿದವು. ಅಮೇರಿಕ ಇರಾಕಿಗೆ ಬೇಹುಗಾರಿಕಾ ಮಾಹಿತಿ ಕೊಟ್ಟಿತು. 1985-86ರಲ್ಲಿ ಗುಟ್ಟಾಗಿ ಇರಾನಿಗೂ ಕ್ಷಿಪಣಿಗಳನ್ನು ಮಾರಿತು. ಇರಾಕ್ ರಾಸಾಯನಿಕ ಅಸ್ತ್ರ ಬಳಸುತ್ತಿದೆಯೆಂದು ಇರಾನ್ ಕೂಗಿ ಹೇಳಿತು. 1984ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ತಜ್ಞರೇ ಸ್ಥಳಕ್ಕೆ ಹೋಗಿ ಅಂತಹ ಅಸ್ತ್ರಗಳ ಬಳಕೆಯನ್ನು ದೃಢಪಡಿಸಿದರು. ಮಂಡಳಿ ಖಂಡಿಸಿತು, ಆದರೆ ಇರಾಕಿನ ಹೆಸರೆತ್ತಲಿಲ್ಲ. 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ಇರಾಕಿನ ವಿಮಾನಗಳು ವಿಷಾನಿಲ ಸುರಿಸಿದವು. ಸುಮಾರು 5,000 ಕುರ್ದ್ ಜನರು, ಅವರಲ್ಲಿ ಹೆಚ್ಚಿನವರು ಮಹಿಳೆಯರು ಮತ್ತು ಮಕ್ಕಳು, ಮನೆಯಂಗಳದಲ್ಲಿ, ಬೀದಿಯಲ್ಲಿ, ಹೊಸ್ತಿಲಲ್ಲಿ ಸತ್ತು ಬಿದ್ದರು. ಆಗಲೂ ಮಂಡಳಿಯ ಗೊತ್ತುವಳಿ ‘ಉಭಯ ಪಕ್ಷಗಳೂ’ ಸಂಯಮ ತೋರಬೇಕೆಂದಿತು. ಈ ಯುದ್ಧವನ್ನು ಆರಂಭಿಸಿದ್ದು ಇರಾಕ್ ಎಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ತಮ್ಮ ವರದಿಯಲ್ಲಿ ಬರೆದದ್ದು 1991ರ ಡಿಸೆಂಬರ್‌ನಲ್ಲಿ. ಅಂದರೆ 11 ವರ್ಷಗಳ ನಂತರ. ಅಷ್ಟರಲ್ಲಿ ಸದ್ದಾಂ ಪಾಶ್ಚಾತ್ಯ ರಾಷ್ಟ್ರಗಳ ಮಿತ್ರನಾಗಿ ಉಳಿದಿರಲಿಲ್ಲ.

ಎರಡನೆಯದು ಕುವೈತ್ ಮೇಲಿನ ಆಕ್ರಮಣ. ಎಂಟು ವರ್ಷಗಳ ಯುದ್ಧದಿಂದ ಇರಾಕ್ ಸಾಲದಲ್ಲಿ ಮುಳುಗಿತ್ತು. ತೈಲದ ಬೆಲೆ ಕುಸಿದಿತ್ತು. ಸಾಲ ಕೊಟ್ಟ ಕುವೈತೇ ಮಿತಿಮೀರಿ ತೈಲ ತೆಗೆದು ಬೆಲೆ ಇಳಿಸುತ್ತಿದೆ ಎಂದು ಸದ್ದಾಂ ಆರೋಪಿಸಿದರು. ಹಿಂದೆ ದೊಡ್ಡದೊಂದು ದೇಶದ ಗಡಿ ದಾಟಿದಾಗ ಯಾರೂ ತಡೆಯಲಿಲ್ಲ. ವಿಷಾನಿಲ ಸುರಿಸಿದಾಗಲೂ ಯಾರೂ ಶಿಕ್ಷಿಸಲಿಲ್ಲ. ಇಂಥವನಿಗೆ ಪುಟ್ಟ ಕುವೈತ್ ಒಂದು ತುತ್ತಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ಹಾವಿಗೆ ಹಾಲೆರೆದವರು ಅದು ತಮ್ಮನ್ನು ಕಚ್ಚದೆಂದು ನಂಬಿದ್ದರು. ಆದರೆ ಈ ಬಾರಿ ಭದ್ರತಾ ಮಂಡಳಿಯ ವೇಗವೇ ಬೇರೆ. ಆಕ್ರಮಣ ನಡೆದ ದಿನವೇ, ಇರಾಕ್ ಬೇಷರತ್ತಾಗಿ ಹಿಂದೆ ಸರಿಯಬೇಕೆಂಬ ಗೊತ್ತುವಳಿ ಬಂತು. ನಾಲ್ಕೇ ದಿನಗಳಲ್ಲಿ ಆರ್ಥಿಕ ದಿಗ್ಬಂಧನ, ನವೆಂಬರ್ 29ರಂದು ಬಲಪ್ರಯೋಗಕ್ಕೆ ಅನುಮತಿ, 1991ರ ಜನವರಿ 17ರಂದು ಬಾಂಬ್ ದಾಳಿ. ಕುವೈತಿಗೆ ದೊರೆತ ನ್ಯಾಯ ತಪ್ಪೆಂದು ನಾವು ಹೇಳುತ್ತಿಲ್ಲ. ಅದು ಸರಿಯೇ. ಹಾಗಾದರೆ ಖುರ್ರಮ್‌ಶಹರಿನ ಜನರಿಗೆ ಅದೇ ನ್ಯಾಯ ಏಕೆ ಸಿಗಲಿಲ್ಲ ಎಂಬುದೇ ನಮ್ಮ ಪ್ರಶ್ನೆ.

ಮೂರನೆಯದು 2003ರ ಯುದ್ಧ. ಆ ವರ್ಷದ ಫೆಬ್ರವರಿ 5ರಂದು ಅಮೇರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಚಿತ್ರ, ಧ್ವನಿಮುದ್ರಿಕೆಗಳನ್ನಿಟ್ಟುಕೊಂಡು ಇರಾಕಿನ ಬಳಿ ಸಮೂಹ ವಿನಾಶಕಾರಿ ಅಸ್ತ್ರಗಳಿವೆಯೆಂದು ವಾದಿಸಿದರು. ತಮ್ಮ ಭಾಷಣದಲ್ಲಿ ಅವರು 1988ರಲ್ಲಿ ವಿಷಾನಿಲಕ್ಕೆ ಬಲಿಯಾದ ಆ 5,000 ಕುರ್ದರನ್ನೂ ನೆನಪಿಸಿಕೊಂಡರು. ವಿಪರ್ಯಾಸವೆಂದರೆ, ಹಲಬ್ಜಾದಲ್ಲಿ ಜನರು ಸತ್ತು ಬಿದ್ದಾಗ ಅಮೇರಿಕದ ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದವರು ಇದೇ ಪೊವೆಲ್. ಅಂದು ಅವರ ಸರಕಾರಕ್ಕೆ ಇರಾಕಿನ ಸ್ನೇಹವೇ ಮುಖ್ಯವಾಗಿತ್ತು. ಹದಿನೈದು ವರ್ಷಗಳ ಬಳಿಕ ಅದೇ ಶವಗಳು ಇನ್ನೊಂದು ಯುದ್ಧಕ್ಕೆ ಸಾಕ್ಷಿಗಳಾದವು.

ಉಳಿದ ಸಾಕ್ಷ್ಯಗಳ ಗತಿಯೇನಾಯಿತು? ಇರಾಕ್ ಆಫ್ರಿಕಾದ ನೈಜರ್‌ನಿಂದ ಯುರೇನಿಯಂ ಖರೀದಿಸಲು ಯತ್ನಿಸಿತೆಂದು ಸಾಧಿಸುವ ಕಾಗದಪತ್ರಗಳು ನಕಲಿ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮುಹಮ್ಮದ್ ಅಲ್ ಬರಾದಿ ಮಾರ್ಚ್ 7ರಂದೇ ಮಂಡಳಿಗೆ ತಿಳಿಸಿದರು. ವಾಹನಗಳ ಮೇಲೆ ಸಂಚರಿಸುವ ಜೈವಿಕ ಅಸ್ತ್ರಗಳ ಪ್ರಯೋಗಾಲಯದ ಕಥೆಯನ್ನು ಕಟ್ಟಿದ್ದು ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಇರಾಕಿ. ತಾನು ಹೇಳಿದ್ದು ಸುಳ್ಳೆಂದು ಆತನೇ 2011ರಲ್ಲಿ ಒಪ್ಪಿಕೊಂಡ. ಹ್ಯಾನ್ಸ್ ಬ್ಲಿಕ್ಸ್ ನೇತೃತ್ವದ ತಪಾಸಣಾ ತಂಡ ಇನ್ನಷ್ಟು ತಿಂಗಳುಗಳ ಕಾಲಾವಕಾಶ ಕೇಳುತ್ತಿತ್ತು. ಭದ್ರತಾ ಮಂಡಳಿ ಬಲಪ್ರಯೋಗಕ್ಕೆ ಅನುಮತಿ ಕೊಡಲಿಲ್ಲ. ಆದರೂ ಮಾರ್ಚ್ 20ರಂದು ಬಗ್ದಾದಿನ ಮೇಲೆ ಬಾಂಬ್‌ಗಳು ಬಿದ್ದವು. ಅಮೇರಿಕವೇ ಕಳುಹಿಸಿದ ಶೋಧನಾ ತಂಡ 2004ರಲ್ಲಿ, ಅಂತಹ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ವರದಿ ಕೊಟ್ಟಿತು. ಈ ಯುದ್ಧವು ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧವೆಂದು ಅದೇ ವರ್ಷ ಕೋಫಿ ಅನ್ನಾನ್ ಹೇಳಿದರು. ಶಾಂತಿಯುತ ಮಾರ್ಗಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತೆಂದು ಬ್ರಿಟನ್ನಿನ ಚಿಲ್ಕಾಟ್ ವಿಚಾರಣಾ ವರದಿ 2016ರಲ್ಲಿ ತೀರ್ಮಾನಿಸಿತು. ಅಷ್ಟರಲ್ಲಿ ಇರಾಕಿನಲ್ಲಿ ಲಕ್ಷಕ್ಕೂ ಮಿಕ್ಕಿ ನಾಗರಿಕರು ಸತ್ತಿದ್ದರು. ಸೇನೆಯನ್ನು ಒಂದೇ ಆದೇಶದಿಂದ ವಿಸರ್ಜಿಸಿದ್ದರಿಂದ ಹುಟ್ಟಿದ ಅರಾಜಕತೆಯಲ್ಲಿ ಐಸಿಸ್‌ನಂತಹ ಕ್ರೌರ್ಯ ಬೇರೂರಿ 2014ರಲ್ಲಿ ಮೊಸುಲ್ ನಗರವನ್ನೇ ನುಂಗಿತ್ತು.

ಈಗ ಲೆಕ್ಕವನ್ನು ಒಂದೆಡೆ ಇಟ್ಟು ನೋಡೋಣ. ಕುವೈತಿಗೆ ಮಾಡಿದ ನಷ್ಟಕ್ಕಾಗಿ ಇರಾಕ್ ತನ್ನ ತೈಲದ ಆದಾಯದಿಂದ 5,240 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು. ಕುವೈತಿನಿಂದ ಬರಿಗೈಯಲ್ಲಿ ಮರಳಿದ ಭಾರತೀಯ ಕಾರ್ಮಿಕರಿಗೂ ಅದರಲ್ಲಿ ಪಾಲು ದೊರೆಯಿತು. ಸದ್ದಾಂ ಹೋದರು, ಅವರ ಪಕ್ಷ ಹೋಯಿತು, ದೇಶ ಬೂದಿಯಾಯಿತು. ಕಂತಿನ ಹೊರೆ ಮಾತ್ರ ತಪ್ಪಲಿಲ್ಲ. ಕೊನೆಯ ಕಂತು ಪಾವತಿಯಾದದ್ದು 2022ರ ಜನವರಿಯಲ್ಲಿ. ಆಕ್ರಮಣವಾದಾಗ ಹುಟ್ಟಿಯೇ ಇರದಿದ್ದ ಮಕ್ಕಳು ಅದನ್ನು ತೀರಿಸಿದರು. ಎಂಟು ವರ್ಷಗಳ ಯುದ್ಧಕ್ಕಾಗಿ ಇರಾನಿನ ಜನತೆಗೆ ದೊರೆತ ಯುದ್ಧ ಪರಿಹಾರ ಎಷ್ಟು? ಏನೂ ಇಲ್ಲ. 2003ರ ಯುದ್ಧಕ್ಕಾಗಿ ಆಕ್ರಮಣಕಾರಿ ರಾಷ್ಟ್ರಗಳಿಂದ ಇರಾಕಿನ ಜನತೆಗೆ ದೊರೆತ ಯುದ್ಧ ಪರಿಹಾರ ಎಷ್ಟು? ಅದೂ ಇಲ್ಲ. ಮೂರು ಬಾರಿಯೂ ನಡೆದದ್ದು ಒಂದೇ ಅಪರಾಧ: ಒಂದು ದೇಶ ಇನ್ನೊಂದು ದೇಶದ ಗಡಿಯನ್ನು ಬಲಾತ್ಕಾರದಿಂದ ದಾಟಿತು. ಆದರೆ ಶಿಕ್ಷೆಯು ಅಪರಾಧವನ್ನು ನೋಡಿ ಬರಲಿಲ್ಲ, ಅಪರಾಧಿಯ ಮುಖ ನೋಡಿ ಬಂತು.

ಇದು ಆಕಸ್ಮಿಕವಲ್ಲ, ವ್ಯವಸ್ಥೆಯಲ್ಲೇ ಹುದುಗಿರುವ ದೋಷ. 1945ರಲ್ಲಿ ವಿಶ್ವಸಂಸ್ಥೆ ರಚನೆಯಾದಾಗ ಯುದ್ಧದಲ್ಲಿ ಗೆದ್ದ ಐದು ರಾಷ್ಟ್ರಗಳು ಭದ್ರತಾ ಮಂಡಳಿಯ ಖಾಯಂ ಸ್ಥಾನಗಳನ್ನೂ ವೀಟೋ ಅಧಿಕಾರವನ್ನೂ ತಮಗೆ ಕಾದಿರಿಸಿಕೊಂಡವು. ಶಾಂತಿಯನ್ನು ಕಾಯಬೇಕಾದ ಈ ಐದೂ ದೇಶಗಳು ಜಗತ್ತಿನ ಅತಿದೊಡ್ಡ ಶಸ್ತ್ರಾಸ್ತ್ರ ಮಾರಾಟಗಾರರ ಸಾಲಿನಲ್ಲಿವೆ. ಬೇಲಿಯೇ ಹೊಲ ಮೇಯುವಾಗ ಕಾಯುವವರಾರು? 2024ರಲ್ಲಿ ಜಗತ್ತಿನ ರಾಷ್ಟ್ರಗಳು ಸೇನೆಗಾಗಿ ಸುಮಾರು 2.7 ಲಕ್ಷ ಕೋಟಿ ಡಾಲರ್ ವ್ಯಯಿಸಿದವು. ಅದೇ ವರ್ಷ ವಿಶ್ವಸಂಸ್ಥೆಯ ಸಾಮಾನ್ಯ ಬಜೆಟ್ ಸುಮಾರು 360 ಕೋಟಿ ಡಾಲರ್ ಮಾತ್ರ. ಜಗತ್ತು ಯಾವುದರಲ್ಲಿ ನಂಬಿಕೆ ಇಟ್ಟಿದೆ ಎಂಬುದನ್ನು ಹೇಳಲು ಇಷ್ಟು ಸಾಕು.

ಪಕ್ಷಪಾತದ ಪಾಠವನ್ನು ಸಣ್ಣ ರಾಷ್ಟ್ರಗಳೂ ಚೆನ್ನಾಗಿ ಕಲಿತವು. ಅಸ್ತ್ರವಿಲ್ಲದ ಇರಾಕಿನ ಮೇಲೆ 2003ರಲ್ಲಿ ದಾಳಿಯಾಯಿತು. ಅದೇ ವರ್ಷ ತನ್ನ ಅಣ್ವಸ್ತ್ರ ಯೋಜನೆಯನ್ನು ಕೈಬಿಟ್ಟ ಲಿಬಿಯಾದ ಗದ್ದಾಫಿಯನ್ನು 2011ರಲ್ಲಿ, ನ್ಯಾಟೋ ಬಾಂಬ್ ದಾಳಿಯ ನೆರವಿನೊಂದಿಗೆ, ಪದಚ್ಯುತಗೊಳಿಸಿ ಕೊಲ್ಲಲಾಯಿತು. 2006ರಲ್ಲಿ ಅಣುಬಾಂಬ್ ಪರೀಕ್ಷಿಸಿದ ಉತ್ತರ ಕೊರಿಯಾದ ಮುಂದೆ 2018ರಲ್ಲಿ ಅಮೇರಿಕದ ಅಧ್ಯಕ್ಷರು ಸಿಂಗಾಪುರದಲ್ಲಿ ಕೈಚಾಚಿ ನಿಂತರು. ಕಾನೂನು ತನ್ನನ್ನು ರಕ್ಷಿಸದೆಂದು ಖಚಿತವಾದವನು ಬಾಂಬ್ ಹುಡುಕುತ್ತಾನೆ. ಅವನ ಬಾಂಬಿಗೆ ಹೆದರಿ ನೆರೆಯವನೂ ಹುಡುಕುತ್ತಾನೆ. ಹೀಗೆ ಎಲ್ಲರೂ ಭದ್ರತೆಯ ಹೆಸರಿನಲ್ಲಿ ಮಾಡುವ ಸಿದ್ಧತೆ ಎಲ್ಲರನ್ನೂ ಅಭದ್ರಗೊಳಿಸುತ್ತದೆ.

ನಂತರದ ವರ್ಷಗಳಲ್ಲೂ ಈ ತಕ್ಕಡಿ ಬದಲಾಗಲಿಲ್ಲ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮರುದಿನ ಅದನ್ನು ಖಂಡಿಸುವ ಗೊತ್ತುವಳಿ ಮಂಡಳಿಗೆ ಬಂದಾಗ ರಷ್ಯಾವೇ ವೀಟೋ ಚಲಾಯಿಸಿತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯೂ ಅದರ ಕೈಯಲ್ಲೇ ಇತ್ತು. 2023ರ ಡಿಸೆಂಬರ್‌ನಲ್ಲಿ ಗಾಝಾದ ಕದನ ವಿರಾಮದ ಗೊತ್ತುವಳಿಗೆ ಅಮೇರಿಕ ವೀಟೋ ಹಾಕಿತು. ನಾಲ್ಕು ದಿನಗಳ ಬಳಿಕ ಸಾಮಾನ್ಯ ಸಭೆಯಲ್ಲಿ 153 ರಾಷ್ಟ್ರಗಳು ಕದನ ವಿರಾಮದ ಪರ ಮತ ಹಾಕಿದರೂ ಬಾಂಬ್‌ಗಳು ನಿಲ್ಲಲಿಲ್ಲ. ಪುಟಿನ್ ವಿರುದ್ಧ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 2023ರಲ್ಲಿ ಬಂಧನ ವಾರಂಟ್ ಹೊರಡಿಸಿದಾಗ ವಾಷಿಂಗ್ಟನ್ ಅದನ್ನು ಸಮರ್ಥಿಸಿತು. ಅದೇ ನ್ಯಾಯಾಲಯ 2024ರ ನವೆಂಬರ್‌ನಲ್ಲಿ ನೆತನ್ಯಾಹು ವಿರುದ್ಧ ವಾರಂಟ್ ಹೊರಡಿಸಿದಾಗ, ಮೂರು ತಿಂಗಳೊಳಗೆ ವಾಷಿಂಗ್ಟನ್ ಆ ನ್ಯಾಯಾಲಯದ ಮೇಲೆಯೇ ನಿರ್ಬಂಧ ಹೇರಿತು.

ಇಷ್ಟನ್ನು ಬರೆದು ಲೇಖನಿಯನ್ನು ಕೆಳಗಿಟ್ಟರೆ ನಮ್ಮ ಓದುಗರು ಮೆಚ್ಚಿಯಾರು. ದೊಡ್ಡಣ್ಣನನ್ನು ಖಂಡಿಸುವುದು ನಮ್ಮ ನಡುವೆ ಕಷ್ಟದ ಕೆಲಸವಲ್ಲ. ಆದರೆ ಎರಡನೆಯ ತಕ್ಕಡಿಯೊಂದು ನಮ್ಮ ಕೈಯಲ್ಲೂ ಇದೆಯಲ್ಲವೇ? 1991ರಲ್ಲಿ ಅಮೇರಿಕದ ವಿರುದ್ಧ ನಿಂತನೆಂಬ ಒಂದೇ ಕಾರಣಕ್ಕೆ ಸದ್ದಾಂ ನಮ್ಮಲ್ಲಿ ಅನೇಕರ ಕಣ್ಣಿಗೆ ವೀರನಾಗಿ ಕಂಡರು. ಆ ವರ್ಷಗಳಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಅವರ ಹೆಸರನ್ನೇ ಇಟ್ಟ ಕುಟುಂಬಗಳು ದೇಶದ ಉದ್ದಗಲಕ್ಕೂ ಇವೆ. ಹಲಬ್ಜಾದಲ್ಲಿ ಸತ್ತವರೂ ಕಲಿಮಾ ಓದುವವರೇ ಆಗಿದ್ದರು. ಇರಾನಿನ ಕಂದಕಗಳಲ್ಲಿ ಸತ್ತವರೂ, ಇರಾಕಿನ ಕಂದಕಗಳಲ್ಲಿ ಸತ್ತವರೂ ಅದೇ ಕಿಬ್ಲಾದ ಕಡೆಗೆ ಮುಖ ಮಾಡುತ್ತಿದ್ದರು. 2006ರ ಡಿಸೆಂಬರ್ 30ರಂದು, ಬಕ್ರೀದ್‌ನ ಮುಂಜಾನೆ ಸದ್ದಾಂರನ್ನು ಗಲ್ಲಿಗೇರಿಸಿದಾಗ ನಮ್ಮ ಮನಸ್ಸು ನೊಂದಿತು. ಆ ದಿನವನ್ನು ಆರಿಸಿದ್ದು ಅಮಾನುಷವೇ ಸರಿ. ಆದರೆ ಕುರ್ದರ ಮೇಲಿನ ಹತ್ಯಾಕಾಂಡದ ವಿಚಾರಣೆ ಅರ್ಧದಲ್ಲಿರುವಾಗಲೇ ಅವರನ್ನು ಕೊಂದು, ಆ ಸಂತ್ರಸ್ತರಿಗೆ ಸಿಗಬೇಕಾಗಿದ್ದ ತೀರ್ಪನ್ನು ಕಸಿದುಕೊಳ್ಳಲಾಯಿತೆಂದು ನಮ್ಮಲ್ಲಿ ಎಷ್ಟು ಮಂದಿ ಮರುಗಿದೆವು?

ಇದು ಹಳೆಯ ಕಥೆಯೂ ಅಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಇಬ್ಬರು ಸೇನಾಧಿಪತಿಗಳ ಅಧಿಕಾರದ ಜಗಳ ಯುದ್ಧವಾಗಿ ಸ್ಫೋಟಿಸಿತು. ದಾರ್ಫುರ್ ಪ್ರಾಂತ್ಯದ ಅಲ್ ಜುನೈನಾ ಎಂಬ ಒಂದೇ ನಗರದಲ್ಲಿ ಆ ವರ್ಷ 10,000ದಿಂದ 15,000 ಜನರು ಕೊಲ್ಲಲ್ಪಟ್ಟರೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ವರದಿ ಮಾಡಿತು. ಕೊಂದವರೂ ಮುಸ್ಲಿಮರು, ಸತ್ತವರೂ ಮುಸ್ಲಿಮರು. ಯಮನಿನಲ್ಲಿ 2021ರ ಕೊನೆಯ ಹೊತ್ತಿಗೆ ಯುದ್ಧ, ಹಸಿವು ಮತ್ತು ರೋಗಗಳಿಂದ 3,77,000 ಜನರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜಿಸಿತು. ಗಾಝಾಕ್ಕಾಗಿ ನಮ್ಮ ಮಸೀದಿಗಳಲ್ಲಿ ಕಣ್ಣೀರಿನ ದುಆಗಳಾದವು. ಅದು ಆಗಲೇಬೇಕಿತ್ತು. ಅಲ್ ಜುನೈನಾಕ್ಕಾಗಿ ಎಷ್ಟು ಕೈಗಳು ಮೇಲೆದ್ದವು? ಕೊಲೆಗಾರ ನಮ್ಮವನಾದರೆ ಶವವು ಹಗುರವಾಗುತ್ತದೆಯೇ?

ನಮ್ಮ ತಪ್ಪುಗಳನ್ನು ನಾವೇ ಹೇಳಿಕೊಂಡರೆ ಮರ್ದಿತರ ವಾದ ದುರ್ಬಲವಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಅನಿಸಿಕೆ ಇದಕ್ಕೆ ವಿರುದ್ಧ. ಹಲಬ್ಜಾದ ಬಗ್ಗೆ ಅರಬ್ ಜಗತ್ತು 1988ರಲ್ಲೇ ಒಂದೇ ದನಿಯಲ್ಲಿ ಮಾತನಾಡಿದ್ದರೆ, 2003ರಲ್ಲಿ ಅದನ್ನು ತಮ್ಮ ಯುದ್ಧದ ನೆಪವಾಗಿಸುವ ಅವಕಾಶ ಇನ್ನೊಬ್ಬರಿಗೆ ಇರುತ್ತಿರಲಿಲ್ಲ. ನಮ್ಮ ಮನೆಯ ಕಸವನ್ನು ನಾವು ಗುಡಿಸದಿದ್ದರೆ, ಗುಡಿಸುವ ನೆಪದಲ್ಲಿ ಹೊರಗಿನವನು ಮನೆಯೊಳಗೆ ಬರುತ್ತಾನೆ. ಬಂದವನು ಕಸವನ್ನು ಬಿಟ್ಟು ಮನೆಯನ್ನೇ ಹೊತ್ತೊಯ್ಯುತ್ತಾನೆ. ಇರಾಕಿನಲ್ಲಿ ನಡೆದದ್ದು ಅದೇ.

ಒಂದೇ ತಕ್ಕಡಿ ಹಿಡಿಯುವುದೆಂದರೆ ವಿರೋಧಿಯ ಸರಿಯನ್ನೂ ಸರಿ ಎನ್ನುವುದು. 2003ರಲ್ಲಿ ದಿಲ್ಲಿಯಲ್ಲಿದ್ದ ವಾಜಪೇಯಿ ಸರಕಾರದ ಬಗ್ಗೆ, ಗುಜರಾತಿನ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ, ನಮಗೆ ನೂರು ದೂರುಗಳಿದ್ದವು. ಆದರೂ ಆ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಸಂಸತ್ತು ಇರಾಕಿನ ಮೇಲಿನ ದಾಳಿಯನ್ನು ‘ನಿಂದಾ’ ಎಂಬ ಪದ ಬಳಸಿ ಸರ್ವಾನುಮತದಿಂದ ಆಕ್ಷೇಪಿಸಿತು. ಸೈನ್ಯ ಕಳುಹಿಸಬೇಕೆಂಬ ಅಮೇರಿಕದ ಒತ್ತಾಯವನ್ನು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲವೆಂಬ ಕಾರಣಕ್ಕೆ, ಜುಲೈಯಲ್ಲಿ ಆ ಸರಕಾರ ನಿರಾಕರಿಸಿತು. ಅದರಿಂದಾಗಿ ಆ ಅನ್ಯಾಯದ ಯುದ್ಧದಲ್ಲಿ ನಮ್ಮ ಯೋಧರ ಕೈ ಕೊಳೆಯಾಗಲಿಲ್ಲ. ಅದು ಸರಿಯಾದ ನಿರ್ಧಾರವೆಂದು ಮುಕ್ತವಾಗಿ ಹೇಳಲಾರದವರಿಗೆ, ಸರಕಾರದ ತಪ್ಪುಗಳನ್ನು ಎತ್ತಿ ತೋರಿಸುವ ನೈತಿಕ ಬಲ ಉಳಿಯುವುದಿಲ್ಲ.

ಹಾಗಾದರೆ ಪಟ್ಟಣದ ಒಂದು ಸಾಮಾನ್ಯ ಕುಟುಂಬ ಏನು ಮಾಡಬಲ್ಲುದು? ವೀಟೋವನ್ನು ರದ್ದುಗೊಳಿಸುವುದು ನಮ್ಮ ಕೈಯಲ್ಲಿಲ್ಲ. ಸಾಮೂಹಿಕ ಹತ್ಯೆಯ ಸಂದರ್ಭಗಳಲ್ಲಿ ವೀಟೋ ಬಳಸದಿರಲು ಖಾಯಂ ಸದಸ್ಯರು ತಾವಾಗಿ ಒಪ್ಪಬೇಕೆಂದು ಫ್ರಾನ್ಸ್ ಮತ್ತು ಮೆಕ್ಸಿಕೋ 2015ರಲ್ಲಿ ಮುಂದಿಟ್ಟ ಸಲಹೆಗೆ ನೂರಕ್ಕೂ ಹೆಚ್ಚು ರಾಷ್ಟ್ರಗಳು ಸಹಿ ಹಾಕಿದರೂ ಬಲಿಷ್ಠರು ಕಿವಿಗೊಡಲಿಲ್ಲ. ಆದರೆ ಯುದ್ಧದ ಸುದ್ದಿಯನ್ನು ಹೇಗೆ ಓದಬೇಕೆಂಬುದು ನಮ್ಮ ಕೈಯಲ್ಲಿದೆ. ಯಾವ ಯುದ್ಧವೇ ಆಗಲಿ, ಮಕ್ಕಳೊಂದಿಗೆ ಕುಳಿತು ಮೂರು ಪ್ರಶ್ನೆಗಳನ್ನು ಕೇಳೋಣ. ಮೊದಲು ಗಡಿ ದಾಟಿದವರು ಯಾರು? ಅದಕ್ಕೆ ಅವರು ಕೊಟ್ಟ ಕಾರಣವನ್ನು ಪರೀಕ್ಷಿಸಿದವರು ಯಾರು? ಸತ್ತವರ ಲೆಕ್ಕವನ್ನು ಕೊಡುವವರು ಯಾರು? ಆಕ್ರಮಣಕಾರಿಯ ಹೆಸರು ಜಾರ್ಜ್ ಎಂದಿರಲಿ, ವ್ಲಾದಿಮಿರ್ ಎಂದಿರಲಿ, ಸದ್ದಾಂ ಎಂದಿರಲಿ, ಪ್ರಶ್ನೆ ಬದಲಾಗಬಾರದು. ನ್ಯಾಯಕ್ಕೆ ಸಾಕ್ಷಿಯಾಗಬೇಕಾದ ಸಮುದಾಯವೊಂದು, ಸ್ವಂತದವರ ವಿರುದ್ಧವಾದರೂ ಸರಿ, ಆ ಸಾಕ್ಷ್ಯವನ್ನು ನುಡಿಯಲೇಬೇಕು. ಅದು ನಮಗೆ ಹೊಸ ಪಾಠವೇನಲ್ಲ.

1990ರಲ್ಲಿ ರೇಡಿಯೋದ ಮುಂದೆ ಕುಳಿತಿದ್ದ ತಾಯಂದಿರಿಗೆ, ತಮ್ಮ ಮಗನನ್ನು ಬೀದಿಗೆ ತಳ್ಳಿದ ಸೇನೆಯ ಧರ್ಮ ಯಾವುದು ಎಂಬುದು ಮುಖ್ಯವಾಗಿರಲಿಲ್ಲ. ಮಗ ಬದುಕಿ ಬರಬೇಕೆಂಬುದಷ್ಟೇ ಅವರ ಪ್ರಾರ್ಥನೆಯಾಗಿತ್ತು. ಬಗ್ದಾದಿನ, ಖುರ್ರಮ್‌ಶಹರಿನ, ಕೀವ್‌ನ, ಗಾಝಾದ, ಅಲ್ ಜುನೈನಾದ ತಾಯಂದಿರ ಪ್ರಾರ್ಥನೆಯೂ ಅದಕ್ಕಿಂತ ಬೇರೆಯಾಗಿರಲಿಲ್ಲ. ಅವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಾಮಾಣಿಕತೆ ನಮಗಿದೆಯೇ? ಜಗತ್ತಿನ ಬಲಿಷ್ಠರನ್ನು ಪ್ರಶ್ನಿಸುವ ಮೊದಲು ನಾವು ಉತ್ತರಿಸಬೇಕಾದ ಪ್ರಶ್ನೆ ಇದು.